ಸೀಸೆಯೊಳಗಿನ ನೀಲಗಿರಿ

ನಮ್ಮಜ್ಜಿಯ ಕಬ್ಬಿಣದ ಟ್ರಂಕಿನಲ್ಲಿ, ಮಡಿಸಿಟ್ಟ ಎರಡು ರೇಷ್ಮೆ ಸೀರೆಗಳ ನಡುವೆ, ಹೆಬ್ಬೆರಳುದ್ದದ ಒಂದು ಸೀಸೆ ಮಲಗಿರುತ್ತಿತ್ತು. ಊಟಿಗೆ ಹೋಗಿಬಂದವರು ಯಾರೋ ತಂದುಕೊಟ್ಟ ನೀಲಗಿರಿ ಎಣ್ಣೆ. ಮೂಗು ಕಟ್ಟಿದರೆ ಕರ್ಚೀಫಿನ ತುದಿಗೆ ಎರಡು ಹನಿ. ಮಂಡಿ ಹಿಡಿದುಕೊಂಡರೆ ಬೆಚ್ಚಗಿನ ಕೊಬ್ಬರಿ ಎಣ್ಣೆಗೆ ನಾಲ್ಕು ಹನಿ. ಸೀರೆಗೆ ನುಸಿ ಹತ್ತದಿರಲಿ ಎಂಬ ಲೆಕ್ಕವೂ ಇತ್ತೇನೋ, ಅವಳು ಸೀಸೆಯನ್ನು ಬೇರೆಲ್ಲೂ ಇಡುತ್ತಿರಲಿಲ್ಲ. ಹಾಗಾಗಿ ಮದುವೆ ಮನೆಯಲ್ಲಿ ಅಜ್ಜಿಯ ಪಕ್ಕ ಕೂತವರಿಗೆ ಮಲ್ಲಿಗೆಯ ಘಮಕ್ಕಿಂತ ಮೊದಲು ನೀಲಗಿರಿಯ ಘಾಟು ಬಡಿಯುತ್ತಿತ್ತು.

ನನಗೆ ಅರ್ಥವಾಗದೆ ಉಳಿದದ್ದು ಬೇರೆ. ಕೋಲಾರ ಸೀಮೆಯ ನಮ್ಮೂರಿನ ಮೂರು ದಿಕ್ಕಿಗೂ ನೀಲಗಿರಿ ತೋಪುಗಳೇ. ಶಾಲೆಗೆ ಹೋಗುವ ದಾರಿ ತೋಪಿನೊಳಗೇ ಹಾಯುತ್ತಿತ್ತು. ಒಲೆ ಹೊತ್ತಿಸಲು ಹೆಂಗಸರು ಗುಡಿಸಿ ತರುತ್ತಿದ್ದ ತರಗು ಅದೇ ಮರದ್ದು. ಎಲೆ ಕಿವುಚಿದರೆ ವಾಸನೆಯೂ ಬರುತ್ತಿತ್ತು. ಊರ ತುಂಬ ಮರ ಇಟ್ಟುಕೊಂಡು ಎಣ್ಣೆಯನ್ನು ಊಟಿಯಿಂದ ಯಾಕೆ ತರಿಸಬೇಕು? ಒಂದು ಬೇಸಿಗೆ ರಜೆಯಲ್ಲಿ ನಾನೂ ಚಿಕ್ಕಪ್ಪನ ಮಗನೂ ಸೇರಿ ತಪ್ಪಲೆ ತುಂಬ ಸೊಪ್ಪು ಬೇಯಿಸಿ ಎಣ್ಣೆ ತೆಗೆಯಲು ಕೂತೆವು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿದ್ದು ಕಂದು ಬಣ್ಣದ ಕಷಾಯ, ಆಮೇಲೆ ತಪ್ಪಲೆ ಕರಿ ಮಾಡಿದ್ದಕ್ಕೆ ಏಟು. ಅಜ್ಜಿ ಮಾತ್ರ ನಕ್ಕಳು. "ಅದು ಸೌದೆ ಮರ ಕಣ್ರೋ, ಎಣ್ಣೆ ಮರ ಅಲ್ಲ."

ಆ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಎಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು.

ಕನ್ನಡದಲ್ಲಿ ನೀಲಗಿರಿ ಎಂದರೆ ಬೆಟ್ಟ, ಮರ, ಎಣ್ಣೆ, ಮೂರೂ. ಪಕ್ಕದ ತಮಿಳರು ಮರವನ್ನು 'ತೈಲ ಮರ' ಎಂದು ಅದರ ಗುಣದಿಂದಲೇ ಕರೆದರು. ನಾವು ಅದು ಕಣ್ಣಿಗೆ ಬಿದ್ದ ಬೆಟ್ಟದ ಹೆಸರನ್ನೇ ಅದಕ್ಕೆ ಅಂಟಿಸಿಬಿಟ್ಟೆವು. ಇದರಿಂದ ಆದ ಒಂದು ತಮಾಷೆಯನ್ನು ಊಟಿಯ ದಾರಿಯಲ್ಲಿ ಇವತ್ತಿಗೂ ಕೇಳಬಹುದು. ಈ ಮರಗಳ ಎಣ್ಣೆ ಗಾಳಿಗೆ ಆವಿಯಾಗಿ ಬೆಟ್ಟ ನೀಲಿಯಾಗಿ ಕಾಣುತ್ತದೆ, ಅದಕ್ಕೇ ನೀಲಗಿರಿ ಎಂಬ ಹೆಸರು ಎಂದು ಟ್ಯಾಕ್ಸಿಯವರು ಹೇಳುತ್ತಾರೆ. ಕಥೆ ತಲೆಕೆಳಗು. ಚಾಮರಾಜನಗರದಲ್ಲಿ ಸಿಕ್ಕಿರುವ 1117ರ ಶಾಸನವೊಂದು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ ಸಾಹಸವನ್ನು ಹೊಗಳುತ್ತ, ಅವನು ಆ ಬೆಟ್ಟದ ಬುಡಕಟ್ಟಿನವರಾದ ತೊದವರನ್ನು ಬೆದರಿಸಿದ್ದನ್ನೂ ನೀಲಾದ್ರಿಯನ್ನು ಗೆದ್ದದ್ದನ್ನೂ ಹೇಳುತ್ತದೆ. ಆಗ ಈ ಮರದ ಒಂದು ಬೀಜವೂ ಭರತಖಂಡದಲ್ಲಿರಲಿಲ್ಲ. ಬೆಟ್ಟಕ್ಕೆ ಹೆಸರು ಬಂದ ಏಳು ನೂರು ವರ್ಷದ ಮೇಲೆ ಮರ ಬಂತು. ಬೇಕಿದ್ದರೆ ಟ್ಯಾಕ್ಸಿಯವರ ಕಥೆಯನ್ನು ಸಿಡ್ನಿಗೆ ಕಳಿಸಬಹುದು. ಅಲ್ಲಿಯೂ 'ನೀಲಿ ಬೆಟ್ಟಗಳು' ಎಂಬ ಸಾಲು ಇದೆ, ಅದರ ಮೇಲಿನ ನೀಲಿ ಮಬ್ಬಿಗೆ ಈ ಮರಗಳು ಬಿಡುವ ಆವಿಯೇ ಕಾರಣ ಎಂಬ ವಿವರಣೆ ಅಲ್ಲಿ ಸಲ್ಲುತ್ತದೆ.

ಮರದ ತವರು ಆಸ್ಟ್ರೇಲಿಯ. ಯೂಕಲಿಪ್ಟಸ್ ಎಂಬ ಕುಲದಲ್ಲಿ 700ಕ್ಕೂ ಹೆಚ್ಚು ಜಾತಿಗಳಿವೆ, ಬೆರಳೆಣಿಕೆಯಷ್ಟನ್ನು ಬಿಟ್ಟರೆ ಎಲ್ಲವೂ ಅಲ್ಲಿಯವೇ. ಅಲ್ಲಿನ ಮೂಲನಿವಾಸಿಗಳು ಜ್ವರಕ್ಕೆ, ಗಾಯಕ್ಕೆ ಇದರ ಎಲೆ ಬಳಸುತ್ತಿದ್ದದ್ದು ಬಿಳಿಯರು ಕಾಲಿಡುವ ಎಷ್ಟೋ ಮೊದಲಿನಿಂದ. ಬ್ರಿಟನ್ನಿನ ಕೈದಿಗಳನ್ನು ಹೊತ್ತ ಮೊದಲ ಹಡಗುಗಳು 1788ರಲ್ಲಿ ಸಿಡ್ನಿ ಮುಟ್ಟಿದವು. ಅದೇ ವರ್ಷ ಆ ತಂಡದ ವೈದ್ಯ ಡೆನಿಸ್ ಕಾನ್ಸಿಡೆನ್ ಅಲ್ಲಿನ ಒಂದು ಮರದ ಎಲೆಯಿಂದ ತೆಗೆದ ಎಣ್ಣೆಯ ಮಾದರಿಯನ್ನು ಲಂಡನ್ನಿನ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಹೊಟ್ಟೆನುಲಿತಕ್ಕೆ ಪುದೀನ ಎಣ್ಣೆಗೆ ಬದಲಾಗಿ ಬಳಸಬಹುದು ಎಂಬುದು ಆಗಿನ ಆಸೆ. ಅದೇ 1788ರಲ್ಲಿ, ಆಸ್ಟ್ರೇಲಿಯ ನೋಡದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೆರಿಟಿಯೆ, ನಾವಿಕ ಕ್ಯಾಪ್ಟನ್ ಕುಕ್‌ನ ಮೂರನೆಯ ಯಾನದಲ್ಲಿ ಸಂಗ್ರಹಿಸಿದ ಒಂದು ಒಣ ರೆಂಬೆಯನ್ನು ಎದುರಿಗಿಟ್ಟುಕೊಂಡು ಕುಲಕ್ಕೆ ನಾಮಕರಣ ಮಾಡಿದ. ಗ್ರೀಕಿನಲ್ಲಿ ಯೂಕಲಿಪ್ಟಸ್ ಎಂದರೆ 'ಚೆನ್ನಾಗಿ ಮುಚ್ಚಿದ್ದು'. ಮೊಗ್ಗಿನ ಮೇಲೆ ಒಂದು ಪುಟ್ಟ ಟೊಪ್ಪಿ ಇರುತ್ತದೆ, ಹೂವು ಅರಳುವಾಗ ಅದು ಕಳಚಿ ಬೀಳುತ್ತದೆ. ತೋಪಿನಲ್ಲಿ ಆ ಟೊಪ್ಪಿಗಳನ್ನು ಆರಿಸಿ ನಾವು ಅಂಗಡಿ ಆಟದಲ್ಲಿ ಕಾಸು ಮಾಡಿಕೊಳ್ಳುತ್ತಿದ್ದೆವು. ಹೆಸರಿನ ಗುಟ್ಟು ಅಂಗೈಯಲ್ಲೇ ಇತ್ತು.

ಎಣ್ಣೆಯನ್ನು ವ್ಯಾಪಾರಕ್ಕೆ ತಂದವನು ಜೋಸೆಫ್ ಬೊಸಿಸ್ಟೊ, ಇಂಗ್ಲೆಂಡಿನಿಂದ ವಲಸೆ ಹೋಗಿ ಮೆಲ್ಬರ್ನಿನಲ್ಲಿ ಔಷಧದಂಗಡಿ ಇಟ್ಟವನು. ಸಸ್ಯಶಾಸ್ತ್ರಜ್ಞ ಫರ್ಡಿನಾಂಡ್ ಫಾನ್ ಮ್ಯೂಲರ್ ಕೊಟ್ಟ ಕುಮ್ಮಕ್ಕಿನಿಂದ 1850ರ ದಶಕದ ಆರಂಭದಲ್ಲಿ ಡ್ಯಾಂಡೆನಾಂಗ್ ಹೊಳೆಯ ಬಳಿ ಭಟ್ಟಿ ಹೂಡಿದ. ಅದು ಆಸ್ಟ್ರೇಲಿಯಾದ ಚಿನ್ನದ ಹುಚ್ಚಿನ ಕಾಲ. ಬೇರೆಯವರು ನೆಲ ಬಗೆಯುತ್ತಿದ್ದಾಗ ಇವನು ಎಲೆ ಬೇಯಿಸಿದ. ಗಿಳಿ ಮಾರ್ಕಿನ ಅವನ ಎಣ್ಣೆ ಇವತ್ತಿಗೂ ಅಲ್ಲಿನ ಅಂಗಡಿಗಳಲ್ಲಿದೆ.

ನಮ್ಮ ನೆಲಕ್ಕೆ ಮರ ಬಂದ ಕಥೆ ಶುರುವಾಗುವುದು ನಂದಿ ಬೆಟ್ಟದಲ್ಲಿ. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನ್ ಅಲ್ಲಿನ ತನ್ನ ತೋಟದಲ್ಲಿ ಇದನ್ನು ನೆಡಿಸಿದ, ಹದಿನಾರು ಬಗೆಗಳನ್ನು ತರಿಸಿದ್ದ ಎಂದು ಅರಣ್ಯ ಇಲಾಖೆಯ ಹಳೆಯ ಬರಹಗಳು ಹೇಳಿಕೊಂಡು ಬಂದಿವೆ. ಸಿಡ್ನಿಯಲ್ಲಿ ಬಿಳಿಯರ ಮೊದಲ ಗುಡಿಸಲು ಎದ್ದು ಆಗಿನ್ನೂ ಎರಡು ವರ್ಷ. ಅಷ್ಟು ಬೇಗ ಬೀಜ ನಂದಿಗೆ ಹೇಗೆ ಮುಟ್ಟಿತು ಎಂದು ಬೆರಗಾಗುತ್ತದೆ. ಗಿಡಮರಗಳ ವಿಷಯದಲ್ಲಿ ಟಿಪ್ಪುವಿಗಿದ್ದ ಹಂಬಲವನ್ನು ಲಾಲ್‌ಬಾಗ್ ಬಲ್ಲವರು ಬಲ್ಲರು, ಆದರೂ ಈ ಲೆಕ್ಕವನ್ನು ನಾನು ಸ್ವಲ್ಪ ಅನುಮಾನದಿಂದಲೇ ಒಪ್ಪುತ್ತೇನೆ. ನೀಲಗಿರಿಯ ಲೆಕ್ಕ ಮಾತ್ರ ಖಚಿತ. 1843ರಲ್ಲಿ ಮದ್ರಾಸ್ ಸೇನೆಯ ಎಂಜಿನಿಯರ್ ಕ್ಯಾಪ್ಟನ್ ಕಾಟನ್ ಅಲ್ಲಿಗೆ ತಂದ. 1856ರಿಂದ ಸಾಲುಸಾಲಾಗಿ ನೆಡುತೋಪುಗಳೆದ್ದವು. ಜಾತಿ ಯೂಕಲಿಪ್ಟಸ್ ಗ್ಲಾಬ್ಯುಲಸ್, ಟಾಸ್ಮೇನಿಯಾದ 'ನೀಲಿ ಗಮ್'. ಎಳೆ ಎಲೆಯ ಮೇಲೆ ನೀಲಿ ಬೂದಿ ಸವರಿದಂತೆ ಇರುತ್ತದೆ.

ಯಾಕೆ ನೆಟ್ಟರು? ಎಣ್ಣೆಗಲ್ಲ, ಸೌದೆಗೆ. ಊಟಿಯ ಚಳಿಗೆ ಬಿಳಿಯರ ಬಂಗಲೆಗಳ ಅಗ್ಗಿಷ್ಟಿಕೆ ಹಗಲಿರುಳು ಉರಿಯಬೇಕಿತ್ತು. ಸುತ್ತಲಿನ ಶೋಲಾ ಕಾಡಿನ ಮರ ಬೆಳೆಯಲು ತಲೆಮಾರು ಬೇಕು, ಕಡಿದು ಮುಗಿಸಲು ಬೇಸಿಗೆಯೊಂದು ಸಾಕು. ಹತ್ತು ವರ್ಷದಲ್ಲಿ ಆಳೆತ್ತರ ಮೀರಿ ಆಕಾಶಕ್ಕೇರುವ, ಕಡಿದರೆ ಬುಡದಿಂದ ಮತ್ತೆ ಚಿಗುರುವ ಮರ ಅವರಿಗೆ ದೇವರು ಕೊಟ್ಟ ವರವಾಯಿತು. ಅಂದರೆ ಅಜ್ಜಿಯ ಮಾತಿನ ಅರ್ಧ ಇಲ್ಲೇ ಬಿದ್ದುಹೋಗುತ್ತದೆ. ಅವಳು 'ಎಣ್ಣೆ ಮರ' ಎಂದುಕೊಂಡಿದ್ದ ಊಟಿಯ ಮರವೂ ಬಂದದ್ದು ಸೌದೆ ಮರವಾಗಿಯೇ. ಬಿದ್ದ ಎಲೆಯನ್ನು ಸುಮ್ಮನೆ ಕೊಳೆಯಲು ಬಿಡುವುದೇಕೆ ಎಂದು ಭಟ್ಟಿ ಹಚ್ಚಿದವರು ಆಮೇಲೆ ಬಂದರು.

ಆ ಭಟ್ಟಿಯಲ್ಲಿ ಗುಟ್ಟೇನೂ ಇಲ್ಲ. ತಗಡಿನ ಚಾವಡಿ, ಒಲೆಯ ಮೇಲೆ ದೊಡ್ಡ ಹಂಡೆ, ಹಂಡೆಯಲ್ಲಿ ಒಂದಿಷ್ಟು ನೀರು, ಅದರ ಮೇಲೆ ಕಾಲಲ್ಲಿ ತುಳಿದು ತುಂಬಿದ ಎಲೆ. ಮುಚ್ಚಳದಿಂದ ಹೊರಟ ಕೊಳವೆ ತಣ್ಣೀರಿನ ತೊಟ್ಟಿಯೊಳಗೆ ಹಾದು ಆಚೆ ಒಂದು ಡಬ್ಬಕ್ಕೆ ಇಳಿಯುತ್ತದೆ. ಹಬೆ ಎಲೆಯೊಳಗಿನ ಎಣ್ಣೆಯನ್ನು ಹೊತ್ತು ಬಂದು ತಣ್ಣಗಾಗಿ ನೀರಾಗುತ್ತದೆ. ನೀರು ಕೆಳಗೆ, ಎಣ್ಣೆ ಮೇಲೆ. ತೇಲಿದ್ದನ್ನು ಸೋರಿಸಿಕೊಂಡರೆ ಆಯಿತು. ಬೆಂದ ಎಲೆ ಒಣಗಿಸಿದರೆ ನಾಳೆಯ ಒಲೆಗೆ ಉರುವಲು. ನೂರು ಕಿಲೋ ಎಲೆಗೆ ಕೈಗೆ ಬರುವುದು ಒಂದು ಕಿಲೋ ಆಸುಪಾಸಿನ ಎಣ್ಣೆ.

ಇದರಲ್ಲಿ ನನಗೆ ಸೋಜಿಗವೆನಿಸುವುದು ಒಂದೇ. ಈ ಎಣ್ಣೆಯ ಮುಖ್ಯ ವಸ್ತು ತಾನಾಗಿ ಕುದಿಯಲು 176 ಡಿಗ್ರಿ ಬೇಕು. ನೀರು 100ಕ್ಕೇ ಕುದಿಯುತ್ತದೆ. ಹಾಗಿದ್ದರೆ ಬರೀ ಹಬೆಗೆ ಎಣ್ಣೆ ಹೇಗೆ ಮೇಲೇಳುತ್ತದೆ? ಒಂದರಲ್ಲೊಂದು ಕರಗದ ಎರಡು ದ್ರವಗಳನ್ನು ಒಟ್ಟಿಗೆ ಕಾಯಿಸಿದರೆ ಎರಡರ ಆವಿಯೂ ಜೊತೆಗೂಡಿ ಮೇಲಿನ ಗಾಳಿಯ ಒತ್ತಡವನ್ನು ತಳ್ಳುತ್ತವೆ. ಒಬ್ಬನಿಂದ ಏಳದ ಕಲ್ಲಿಗೆ ಇಬ್ಬರು ಹೆಗಲು ಕೊಟ್ಟ ಹಾಗೆ. ಆದ್ದರಿಂದ 100 ಡಿಗ್ರಿ ಮುಟ್ಟುವ ಮೊದಲೇ ಎರಡೂ ಹೊರಡುತ್ತವೆ. ನಾವು ಹುಡುಗರು ತಪ್ಪಲೆಯ ಬಾಯಿ ತೆರೆದಿಟ್ಟು ಬೇಯಿಸಿದೆವಲ್ಲ, ಎಣ್ಣೆ ಇದ್ದಷ್ಟೂ ಹಿತ್ತಲ ಗಾಳಿಗೆ ಹೋಗಿತ್ತು. ಬೀದಿಯ ತುದಿಯವರೆಗೆ ವಾಸನೆ ಹಬ್ಬಿದ್ದು ಸುಮ್ಮನೆ ಅಲ್ಲ.

ಎಣ್ಣೆ ಎಂದು ಕರೆದರೂ ಇದು ಕಡಲೆಕಾಯಿ ಎಣ್ಣೆಯ ಜಾತಿಯದಲ್ಲ. ಇದರಲ್ಲಿ ಜಿಡ್ಡಿಲ್ಲ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡಿ, ಸ್ವಲ್ಪ ಹೊತ್ತಿಗೆ ಗುರುತೂ ಉಳಿಯದಂತೆ ಆರಿಹೋಗಬೇಕು. ಜಿಡ್ಡಿನ ಕಲೆ ಉಳಿದರೆ ಮಾರಿದವರು ಅಡುಗೆ ಎಣ್ಣೆಯನ್ನೋ ಇನ್ನೇನನ್ನೋ ಬೆರೆಸಿದ್ದಾರೆ ಎಂದರ್ಥ. ಟರ್ಪೆಂಟೈನ್ ಬೆರೆಸಿದ್ದರೆ ಈ ಪರೀಕ್ಷೆ ಸೋಲುತ್ತದೆ, ಅದೂ ಆರುವ ಜಾತಿಯೇ. ವಾಸನೆಯನ್ನು ಹೊತ್ತಿರುವ ಆ ಮುಖ್ಯ ವಸ್ತುವನ್ನು 1870ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಕ್ಲೊಯೆಜ್ ಗುರುತಿಸಿ ಯೂಕಲಿಪ್ಟಾಲ್ ಎಂದು ಕರೆದ. ಇನ್ನೊಂದು ಗಿಡದಿಂದ ಬಂದ ಸಿನಿಯೋಲ್ ಎಂಬುದೂ ಇದೂ ಒಂದೇ ಎಂದು ಆಮೇಲೆ ತಿಳಿಯಿತು. ಇಂಥ ಸುಗಂಧ ದ್ರವ್ಯಗಳ ಗೋಜಲನ್ನು ಬಿಡಿಸಿದ ಜರ್ಮನಿಯ ಒಟ್ಟೊ ವಾಲಾಕ್‌ಗೆ 1910ರ ನೊಬೆಲ್ ಬಂತು. ಔಷಧಕ್ಕೆ ಬಳಸುವ ನೀಲಗಿರಿ ಎಣ್ಣೆಯಲ್ಲಿ ಸಿನಿಯೋಲ್ ಕನಿಷ್ಠ 70 ಶೇಕಡ ಇರಬೇಕು ಎಂಬುದು ಬ್ರಿಟಿಷ್ ಔಷಧ ಸಂಹಿತೆಯ ಕಟ್ಟಳೆ.

ಮರಕ್ಕೆ ಈ ಎಣ್ಣೆ ಯಾಕೆ? ತನ್ನನ್ನು ತಿನ್ನಬರುವವರ ಬಾಯಿ ಕಹಿ ಮಾಡಲು. ಕೋಆಲಾ ಎಂಬ ಪ್ರಾಣಿಯಾದರೋ ಹಟ ಹಿಡಿದು ಇದೇ ಎಲೆ ತಿಂದು ಬದುಕುತ್ತದೆ, ಅದರ ಯಕೃತ್ತಿಗೆ ಈ ವಿಷವನ್ನು ಮುರಿಯುವ ವಿಶೇಷ ಶಕ್ತಿಯಿದೆ. ನಮ್ಮ ಕುರಿ ಮೇಕೆಗಳಿಗೆ ಅದಿಲ್ಲ, ಅವು ಮೂಸಿ ಮುಂದೆ ಹೋಗುತ್ತವೆ. ಈ ಚಿಕ್ಕ ಸಂಗತಿಯೇ ಕೋಲಾರದ ನೆಲದ ಹಣೆಬರಹ ಬರೆದ ಕಾರಣಗಳಲ್ಲಿ ಒಂದು.

ಅದಕ್ಕೆ ಮೊದಲು ಯೂರೋಪಿನ ಒಂದು ಹುಚ್ಚನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮರಕ್ಕೆ 'ಜ್ವರದ ಮರ' ಎಂಬ ಬಿರುದಿತ್ತು. ಜೌಗು ನೆಲದ ಕೆಟ್ಟ ಗಾಳಿಯಿಂದ ಮಲೇರಿಯ ಬರುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಮಲೇರಿಯ ಎಂಬ ಇಟಾಲಿಯನ್ ಮಾತಿನ ಅರ್ಥವೇ ಕೆಟ್ಟ ಗಾಳಿ. ಈ ಮರದ ಖಾರವಾದ ಗಾಳಿ ಆ ಕೆಟ್ಟ ಗಾಳಿಯನ್ನು ತೊಳೆಯುತ್ತದೆ ಎಂದು ಅಲ್ಜೀರಿಯದಲ್ಲಿ, ಇಟಲಿಯಲ್ಲಿ ಸಾವಿರ ಸಾವಿರ ಸಸಿ ನೆಟ್ಟರು. ರೋಮ್ ಹೊರವಲಯದ ತ್ರೆ ಫೊಂತಾನೆ ಮಠದ ಸನ್ಯಾಸಿಗಳು ಸುತ್ತಲ ಜೌಗಿನಲ್ಲಿ ಇದನ್ನು ಬೆಳೆಸಿದರು, ಎಲೆಯಿಂದ ಒಂದು ಬಗೆಯ ಮದ್ಯವನ್ನೂ ಮಾಡಿದರು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಿಯನ್ನು ಕಂಡ ಮೇಲೆ ಗಾಳಿಯ ಕಥೆ ಮುಗಿಯಿತು. ಆದರೆ ಮರ ನೆಟ್ಟ ಕೆಲವು ಕಡೆ ಜ್ವರ ಇಳಿದದ್ದೂ ಪೂರಾ ಭ್ರಮೆಯಲ್ಲ. ಅದು ವಾಸನೆಯ ಮಹಿಮೆಯಲ್ಲ, ಬೇರಿನದು. ಜೌಗಿನ ನೀರನ್ನು ಹೀರಿ ಮರ ನೆಲ ಒಣಗಿಸಿತ್ತು, ಸೊಳ್ಳೆಗೆ ಮೊಟ್ಟೆಯಿಡಲು ನೀರಿರಲಿಲ್ಲ.

ಜೌಗಿಗೆ ನೆಟ್ಟಾಗ ವರವಾದ ಬಾಯಾರಿಕೆಯನ್ನು ತಂದು ಬರದ ಸೀಮೆಗೆ ನೆಟ್ಟರೆ ಏನಾದೀತು?

ಏನಾಯಿತು ಎಂದು ಕೋಲಾರದವರಿಗೆ ಹೇಳಬೇಕಿಲ್ಲ. ನಂದಿಯ ಹಳೆಯ ಮರಗಳ ಸಂತತಿಯಿಂದ ಬಯಲು ಸೀಮೆಗೆ ಒಗ್ಗುವ ಒಂದು ಬಗೆಯನ್ನು ಆರಿಸಿ ಅರಣ್ಯ ಇಲಾಖೆ 'ಮೈಸೂರು ಗಮ್' ಎಂದು ಕರೆಯಿತು, ಸ್ವಾತಂತ್ರ್ಯದ ಮುಂದಿನ ದಶಕಗಳಲ್ಲಿ ಎಕರೆಗಟ್ಟಲೆ ನೆಡಿಸಿತು. ಆಮೇಲೆ ಹರಿಹರದ ಬಳಿ ರೇಯಾನ್ ತಿರುಳಿನ ಕಾರ್ಖಾನೆ ಬಂತು, ಮರಕ್ಕೆ ಗಿರಾಕಿ ಸಿಕ್ಕಿತು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಸಸಿಗಳು ಹೊಲಕ್ಕೇ ಬಂದವು. ರೈತರನ್ನು ಬೈಯಲು ನನಗೆ ಬಾಯಿ ಬಾರದು. ರಾಗಿಗೆ ಆಳು ಬೇಕು, ಮಳೆ ಬೇಕು, ಕಾವಲು ಬೇಕು. ನೀಲಗಿರಿಗೆ ಇದಾವುದೂ ಬೇಡ. ಮೇಕೆ ತಿನ್ನುವುದಿಲ್ಲವಾದ್ದರಿಂದ ಬೇಲಿಯೂ ಬೇಡ. ಸಸಿ ಊರಿ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಆರೇಳು ವರ್ಷಕ್ಕೊಮ್ಮೆ ಲಾರಿಯವನೇ ಹೊಲಕ್ಕೆ ಬಂದು ಕಡಿದು, ಎಣಿಸಿ ದುಡ್ಡು ಕೊಡುತ್ತಾನೆ. ನಮ್ಮ ಮನೆಯ ಎರಡೆಕರೆಗೂ ಹಾಗೆಯೇ ನೀಲಗಿರಿ ಬಂತು. ನನ್ನ ಕಾಲೇಜಿನ ಫೀಸು ಅದರಿಂದಲೇ ಕಟ್ಟಿದ್ದು.

ವಿರೋಧವೂ ಅಷ್ಟೇ ಬೇಗ ಹುಟ್ಟಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಇಲಾಖೆಯ ನರ್ಸರಿಗೆ ನುಗ್ಗಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ ಮಾವಿನ ಬೀಜ ಊರಿದರು. ಮುಂದಿನ ವರ್ಷ ಸರ್ಕಾರವೂ ಖಾಸಗಿ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿ, ನಾಲ್ಕು ಜಿಲ್ಲೆಗಳ ಸಮುದಾಯದ ಭೂಮಿಯನ್ನು ನೀಲಗಿರಿಗೆ ಮೀಸಲಿಡಲು ಹೊರಟವು. ಹಳ್ಳಿಯ ದನ ಮೇಯುತ್ತಿದ್ದ, ಸೌದೆ ಸೊಪ್ಪು ಸಿಗುತ್ತಿದ್ದ ಭೂಮಿ ಅದು. ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ 14 ನವೆಂಬರ್ 1987ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ಹಚ್ಚುವುದು. ಹಚ್ಚುವುದು ಎಂದರೆ ಆ ಕಡೆಯ ಮಾತಿನಲ್ಲಿ ನೆಡುವುದು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಮೊದಲ ಹೆಸರು ಶಿವರಾಮ ಕಾರಂತರದು. 1991ರಲ್ಲಿ ಕಂಪನಿ ಮುಚ್ಚಿತು.

ಆದರೆ ಮರ ನಿಜಕ್ಕೂ ಅಷ್ಟು ನೀರು ಕುಡಿಯುತ್ತದೆಯೇ ಎಂಬ ಜಗಳ ಮುಗಿದಿರಲಿಲ್ಲ. ಒಂದು ಕಡೆಯವರು ರಕ್ಕಸ ಮರ ಎಂದರು, ಇನ್ನೊಂದು ಕಡೆಯವರು ಎಲ್ಲ ಮರದ ಹಾಗೆ ಇದೂ ಒಂದು ಮರ ಎಂದರು. ಉತ್ತರ ಬಂದದ್ದು ಹೊಸಕೋಟೆಯಿಂದ. ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯ ಇಯಾನ್ ಕಾಲ್ಡರ್ ಮತ್ತು ಕರ್ನಾಟಕದ ಅರಣ್ಯ ತಜ್ಞರು ಸೇರಿ ಅಳೆದ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. 1992ರಿಂದ 94ರವರೆಗಿನ ಮೂರು ವರ್ಷದಲ್ಲಿ ಹೊಸಕೋಟೆಯ ಆ ತೋಪಿನ ಮೇಲೆ ಬಿದ್ದ ಮಳೆ 2100 ಮಿಲಿಮೀಟರ್. ಮರಗಳು ಬಳಸಿದ್ದು, ಅವರ ಅಂದಾಜಿನಂತೆ, 3400. ಬಂದ ಸಂಬಳಕ್ಕಿಂತ ಮಾಡಿದ ಖರ್ಚು ದೊಡ್ಡದು. ವ್ಯತ್ಯಾಸ ಎಲ್ಲಿಂದ ಬಂತು? ಆಳದ ಮಣ್ಣು ಹಿಂದಿನ ಕಾಲದಿಂದ ಕೂಡಿಟ್ಟಿದ್ದ ತೇವದಿಂದ. ಎಳೆಯ ಮರದ ಬೇರು ವರ್ಷಕ್ಕೆ ಎರಡೂವರೆ ಮೀಟರಿಗಿಂತ ಹೆಚ್ಚು ವೇಗದಲ್ಲಿ ಕೆಳಕ್ಕಿಳಿಯುತ್ತಿತ್ತು. ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಮಣ್ಣು ಅಷ್ಟು ಆಳವಿಲ್ಲದ ಕಡೆ ಅದೇ ತಜ್ಞರು ಅಳೆದಾಗ ನೀಲಗಿರಿಯೂ ನಮ್ಮ ನಾಡ ಕುರುಚಲು ಕಾಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ನೀರು ಬಳಸಿದ್ದವು, ಎರಡೂ ರಾಗಿಯ ಸುಮಾರು ಎರಡರಷ್ಟು. ಅಂದರೆ ತಪ್ಪು ಮರದ್ದೇ ಎನ್ನುವುದಕ್ಕಿಂತ, ಆಳದ ಕೆಮ್ಮಣ್ಣಿನ ರಾಗಿ ಹೊಲಕ್ಕೆ ಅದನ್ನು ತಂದಿಟ್ಟ ಲೆಕ್ಕಾಚಾರದ್ದು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ನಮ್ಮ ಕಡೆ ಕೊಳವೆ ಬಾವಿ ಸಾವಿರ ಅಡಿ ದಾಟಿತ್ತು.

ಇಷ್ಟೆಲ್ಲ ನೀರು ಕುಡಿದ ಮರ ಎಣ್ಣೆಯನ್ನಾದರೂ ಕೊಟ್ಟಿತೇ? ಇಲ್ಲಿ ಅಜ್ಜಿಯ ಮಾತಿನ ಉಳಿದರ್ಧ ಗೆಲ್ಲುತ್ತದೆ. ಮೈಸೂರು ಗಮ್ ಮೂಲತಃ ಯೂಕಲಿಪ್ಟಸ್ ಟೆರೆಟಿಕಾರ್ನಿಸ್ ಎಂಬ ಬೇರೆಯೇ ಜಾತಿ. ಅದರ ಎಲೆಯಲ್ಲಿ ಎಣ್ಣೆ ಕಡಿಮೆ, ಇರುವ ಎಣ್ಣೆಯ ಗುಣವೂ ಮರದಿಂದ ಮರಕ್ಕೆ ಬದಲಾಗುತ್ತದೆ. ನೀಲಿ ಗಮ್ ಆದರೋ ಊಟಿಯಂಥ ತಂಪು ಬೆಟ್ಟ ಬಿಟ್ಟು ಕೆಳಗಿಳಿಯದು. ಕೋಲಾರದ ತೋಪು ಕಾಗದ, ರೇಯಾನ್, ಗಳ ಮತ್ತು ಇಟ್ಟಿಗೆ ಗೂಡಿನ ಸೌದೆಗೆ ಬೆಳೆದದ್ದು. ಎರಡು ಬೇರೆ ಮರ, ಎರಡು ಬೇರೆ ಲೆಕ್ಕ. ನಾವು ಮಾತ್ರ ಎರಡನ್ನೂ ಒಂದೇ ಹೆಸರಿನಿಂದ ಕರೆದು, ಸೀಸೆಯ ಎಣ್ಣೆಯ ಮೇಲಿನ ಪ್ರೀತಿಯನ್ನು ತೋಪಿಗೂ, ತೋಪಿನ ಮೇಲಿನ ಸಿಟ್ಟನ್ನು ಸೀಸೆಗೂ ಹಂಚಿಬಿಟ್ಟಿದ್ದೇವೆ. ಮೊನ್ನೆ ಒಬ್ಬ ಗೆಳೆಯರು ನಾನು ನೀಲಗಿರಿ ಎಣ್ಣೆ ಕೊಳ್ಳುವುದಿಲ್ಲ, ಅಂತರ್ಜಲ ಉಳಿಯಲಿ ಎಂದರು. ಅವರು ಕೊಳ್ಳದೆ ಬಿಟ್ಟ ಸೀಸೆಯಲ್ಲಿ ಕೋಲಾರದ ಎಲೆಯೊಂದೂ ಇದ್ದಿರಲಾರದು. ಇವತ್ತು ಜಗತ್ತಿನ ಪೇಟೆಗೆ ಬರುವ ಈ ಎಣ್ಣೆಯ ದೊಡ್ಡ ಪಾಲು ಚೀನಾದ್ದು.

ಮೂರನೆಯ ಒಂದು ಮರವನ್ನೂ ಈ ಹೆಸರಿನ ಗೊಂದಲಕ್ಕೆ ಸೇರಿಸಬೇಕು. ನಿಂಬೆ ವಾಸನೆಯ ನೀಲಗಿರಿ, ಬಿಳಿ ನುಣುಪು ಕಾಂಡದ ಚೆಲುವೆ. ಅದರ ಎಣ್ಣೆಯಲ್ಲಿ ಸಿನಿಯೋಲ್ ಅಲ್ಲ, ಸಿಟ್ರೊನೆಲಾಲ್ ತುಂಬಿರುತ್ತದೆ. ಸೋಪು ಅತ್ತರುಗಳಿಗೆ ಸೇರುತ್ತದೆ. ಸಸ್ಯಶಾಸ್ತ್ರಜ್ಞರು ಈಗ ಅದನ್ನು ಯೂಕಲಿಪ್ಟಸ್ ಕುಲದಿಂದಲೇ ತೆಗೆದು ಕೊರಿಂಬಿಯ ಎಂಬ ಬೇರೆ ಮನೆಗೆ ಸೇರಿಸಿದ್ದಾರೆ. ಸೊಳ್ಳೆ ಓಡಿಸಲು ಅಮೆರಿಕದ ಆರೋಗ್ಯ ಇಲಾಖೆ ಶಿಫಾರಸು ಮಾಡುವ 'ನಿಂಬೆ ನೀಲಗಿರಿ' ಉತ್ಪನ್ನ ಈ ಮರದ್ದೇ, ಆದರೆ ಸಂಸ್ಕರಿಸಿ ಪಿಎಂಡಿ ಎಂಬ ವಸ್ತುವನ್ನು ಹೆಚ್ಚಿಸಿದ್ದು. ಮನೆಯ ಸೀಸೆಯ ಎಣ್ಣೆ ಮೈಗೆ ಸವರಿಕೊಂಡು ಸೊಳ್ಳೆ ಬರುವುದಿಲ್ಲ ಎಂದು ಕೂರುವವರು ಬೇರೆ ಮರದ ಕೀರ್ತಿಯನ್ನು ನಂಬಿದ್ದಾರೆ.

ಈ ಎಣ್ಣೆ ಮಾಡಿದ ಕೆಲಸಗಳು ಒಂದೆರಡಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಗಣಿಯಲ್ಲಿ ಪುಡಿ ಮಾಡಿದ ಅದಿರನ್ನು ನೀರಿಗೆ ಹಾಕಿ, ಒಂದಿಷ್ಟು ನೀಲಗಿರಿ ಎಣ್ಣೆ ಬೆರೆಸಿ ಗಾಳಿ ಊದುತ್ತಿದ್ದರು. ಏಳುವ ನೊರೆಗೆ ಸೀಸ, ಸತುವಿನ ಕಣಗಳು ಅಂಟಿ ಮೇಲೆ ಬರುತ್ತಿದ್ದವು. ಬೇರುನಾಳದ ಚಿಕಿತ್ಸೆಯನ್ನು ಮತ್ತೆ ಮಾಡಬೇಕಾದಾಗ ಹಲ್ಲಿನ ವೈದ್ಯರು ಒಳಗಿನ ಹಳೆಯ ತುಂಬುವಿಕೆಯನ್ನು ಕರಗಿಸಲು ಬಳಸುವುದುಂಟು. ಅಮೃತಾಂಜನದಲ್ಲೂ ವಿಕ್ಸ್‌ನಲ್ಲೂ ಇದಿದೆ. ಹೊಸ ಸ್ಟೀಲ್ ಪಾತ್ರೆಯ ಮೇಲೆ ಅಂಗಡಿಯವರು ಅಂಟಿಸಿದ ಹಟಮಾರಿ ಚೀಟಿಯ ಅಂಟು ಬಿಡಿಸಲು ನಾನು ಕಂಡ ಮಟ್ಟಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಆದರೆ ಮೂಗಿನ ವಿಷಯಕ್ಕೆ ಬರೋಣ. ನೆಗಡಿಯಲ್ಲಿ ಕರ್ಚೀಫು ಮೂಸಿದ ಕ್ಷಣ ಮೂಗು ತೆರೆದಂತಾಗುತ್ತದಲ್ಲ, ನಿಜಕ್ಕೂ ತೆರೆಯುತ್ತದೆಯೇ? ಬ್ರಿಟನ್ನಿನ ಕಾರ್ಡಿಫ್‌ನ ಸಂಶೋಧಕರು 1983ರಲ್ಲಿ ಇದನ್ನು ಪರೀಕ್ಷಿಸಿದರು. ಕರ್ಪೂರ, ನೀಲಗಿರಿ, ಮೆಂಥಾಲ್ ಆವಿಗಳನ್ನು ಮೂಸಿಸಿ, ಮೂಗಿನಲ್ಲಿ ಗಾಳಿ ಹಾಯಲು ಎಷ್ಟು ಅಡ್ಡಿಯಿದೆ ಎಂದು ಉಪಕರಣದಿಂದ ಅಳೆದರು. ಅಡ್ಡಿ ಮೊದಲಿದ್ದಷ್ಟೇ ಇತ್ತು. ಆದರೆ ಮೂಸಿದವರು ಉಸಿರು ಸರಾಗವಾಯಿತು, ಮೂಗಿನೊಳಗೆ ತಂಪಾಯಿತು ಎಂದೇ ಹೇಳಿದರು. ನಮ್ಮ ನರಗಳ ತುದಿಯಲ್ಲಿ ತಂಪನ್ನು ಗುರುತಿಸುವ ಗ್ರಾಹಿಗಳಿವೆ. ತಣ್ಣನೆಯ ಗಾಳಿ ಒಳಬಂದಾಗ ಅವು ಮಿದುಳಿಗೆ ಸುದ್ದಿ ಕಳಿಸುತ್ತವೆ. ಸಿನಿಯೋಲ್ ಆ ಗ್ರಾಹಿಗಳನ್ನೇ ತಟ್ಟುತ್ತದೆ, ಗಾಳಿ ಬಾರದಿದ್ದರೂ ಬಂತು ಎಂಬ ಸುದ್ದಿ ಹೋಗುತ್ತದೆ. ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ರಾತ್ರಿ ಎರಡು ಗಂಟೆಗೆ ಮೂಗು ಕಟ್ಟಿ ಎದ್ದು ಕೂತವರಿಗೆ ಉಸಿರಾಡಿದಂತಾಗುವುದೂ ಸಣ್ಣ ಉಪಕಾರವಲ್ಲ. ಮಂಡಿಯ ಕಥೆಯೂ ಹತ್ತಿರ ಹತ್ತಿರ ಇದೇ. ಚರ್ಮದ ಮೇಲಿನ ಚುರುಕು ಒಳಗಿನ ನೋವಿನಿಂದ ಗಮನ ಸೆಳೆಯುತ್ತದೆ. ಮಿಕ್ಕಿದ್ದು ತಿಕ್ಕಿದ ಕೈಯ ಗುಣ, ಅಜ್ಜಿಯ ಮಂಡಿಗೆ ತಿಕ್ಕುತ್ತಿದ್ದವನು ನಾನೇ.

ಉಪಕಾರದ ಗಡಿ ಎಲ್ಲಿದೆ ಎಂದು ತಿಳಿಯದೆ ಹೋದರೆ ಕಷ್ಟ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ದಿನಕ್ಕೆ ಮೂರು ಹೊತ್ತು ನೀಲಗಿರಿ ಹಬೆ ತೆಗೆದುಕೊಂಡೆವು, ವೈರಸ್ ಸಾಯುತ್ತದೆ ಎಂದು. ಸಾಯಲಿಲ್ಲ. ಕುದಿಯುವ ನೀರಿನ ಪಾತ್ರೆ ಮಗುಚಿ ಮಕ್ಕಳ ತೊಡೆ ಸುಟ್ಟದ್ದು ನಿಜ. ಎಣ್ಣೆ ಹೊಟ್ಟೆಗೆ ಹೋದರಂತೂ ಅದು ಔಷಧವಲ್ಲ, ವಿಷ. ಚಿಕ್ಕ ಮಗುವಿಗೆ ಒಂದು ಟೀ ಚಮಚದಷ್ಟು ಸಾಕು, ಮಂಪರು ಕವಿದು, ಫಿಟ್ಸ್ ಬಂದು, ಉಸಿರು ನಿಲ್ಲುವ ಸ್ಥಿತಿಗೆ ಹೋಗಬಹುದು. ಕುಡಿದ ಮಗುವಿಗೆ ವಾಂತಿ ಮಾಡಿಸಲು ಹೋಗಬೇಡಿ, ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಅಪಾಯ. ಸೀಸೆಯನ್ನೂ ಜೊತೆಗೆ ಹಿಡಿದು ನೇರ ಆಸ್ಪತ್ರೆಗೆ ಓಡಿ. ಹಾಲುಗಲ್ಲದ ಮಕ್ಕಳ ಮೂಗಿನ ಬಳಿ, ಎದೆಗೆ ಸವರುವುದೂ ಬೇಡ. ನಮ್ಮ ಕಾಲದಲ್ಲಿ ಸವರಿದ್ದರು, ನಾವು ಬದುಕಿಲ್ಲವೇ ಎಂದು ಕೇಳುವವರಿಗೆ ಏನು ಹೇಳಲಿ? ಬದುಕಿದವರಷ್ಟೇ ಆ ಪ್ರಶ್ನೆ ಕೇಳಲು ಉಳಿದಿರುತ್ತಾರೆ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ಇನ್ನೂ ಮುಂದೆ ಹೋಗಿ ಒಂದು ಸಂಗತಿ ಕಂಡುಕೊಂಡಿದ್ದಾರೆ. ಬೇರೆ ಆಸ್ಪತ್ರೆಗಳ ಜೊತೆಗೂಡಿ ನಾಲ್ಕು ವರ್ಷ, ಫಿಟ್ಸ್ ಬಂದು ದಾಖಲಾದ ದೊಡ್ಡವರನ್ನು ಅವರು ಒಂದು ಸರಳ ಪ್ರಶ್ನೆ ಕೇಳಿದರು: ನೀಲಗಿರಿ, ಕರ್ಪೂರ ಇರುವ ಎಣ್ಣೆ, ಮುಲಾಮು ಏನಾದರೂ ಬಳಸಿದ್ದಿರಾ? 2021ರಲ್ಲಿ ಅವರು ಪ್ರಕಟಿಸಿದಂತೆ 350 ಮಂದಿಯಲ್ಲಿ 55 ಜನರ ಫಿಟ್ಸ್‌ಗೆ ಈ ಎಣ್ಣೆಗಳ ಸಂಬಂಧ ಕಂಡಿತು. ಕುಡಿದವರಷ್ಟೇ ಅಲ್ಲ, ಹಣೆಗೆ ಹಚ್ಚಿಕೊಂಡವರೂ ಹಬೆ ತೆಗೆದುಕೊಂಡವರೂ ಅದರಲ್ಲಿದ್ದರು. ಮೂರ್ಛೆ ರೋಗ ಮೊದಲೇ ಇದ್ದವರಿಗೆ ಅದನ್ನು ಕೆಣಕಿತ್ತು, ಇನ್ನು ಕೆಲವರಿಗೆ ಮೊದಲ ಬಾರಿ ತರಿಸಿತ್ತು. ಇವರಾರೂ ತಾವಾಗಿ ಎಣ್ಣೆಯ ಮಾತು ಎತ್ತುವವರಲ್ಲ. ತಲೆನೋವಿಗೆ ಹಚ್ಚಿಕೊಂಡ ಮುಲಾಮನ್ನು ಯಾರು ಔಷಧ ಎಂದು ಲೆಕ್ಕ ಹಾಕುತ್ತಾರೆ?

ನಮ್ಮ ಎರಡೆಕರೆಯ ತೋಪನ್ನು ತಮ್ಮ ಮೂರು ವರ್ಷದ ಹಿಂದೆ ಜೆಸಿಬಿ ತರಿಸಿ ಬುಡಸಮೇತ ಕೀಳಿಸಿದ. ಅಜ್ಜಿಯ ಟ್ರಂಕು ನನ್ನ ಮನೆಯಲ್ಲಿದೆ. ಅದರೊಳಗೆ ಸೀಸೆಯೂ ಇದೆ, ಖಾಲಿಯಾದಾಗ ಹೊಸದು ತರುತ್ತೇನೆ, ಚೀಟಿಯ ಮೇಲೆ ಮರದ ಸಸ್ಯಶಾಸ್ತ್ರೀಯ ಹೆಸರು ಬರೆಯದ ಸೀಸೆಯನ್ನು ಮುಟ್ಟುವುದಿಲ್ಲ. ನಿಮ್ಮ ಮನೆಯಲ್ಲೂ ಒಂದು ಇದ್ದೇ ಇರುತ್ತದೆ. ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿಡಿ. ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬರುತ್ತಿದ್ದರೆ ಈ ಸೀಸೆಯ ವಿಷಯವನ್ನು ವೈದ್ಯರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ.